ರಾಮೇಶ್ವರಕ್ಕೆ ಹೋಗಿ ಹುಲ್ಲು ನೋಡಿ ಬಂದದ್ದು

ಅಮ್ಮನಿಗೆ ರಾಮೇಶ್ವರದ 22 ತೀರ್ಥದಲ್ಲಿ ಮೀಯಬೇಕು ಅಂತ ಎಷ್ಟೋ ವರ್ಷದ ಆಸೆ, ಹಾಗೆ ಹೊರಟದ್ದು, ಮಧುರೈವರೆಗೆ ಟ್ರೈನು, ಮತ್ತೆ ಟ್ಯಾಕ್ಸಿ. ತೀರ್ಥ ಎಲ್ಲ ಮುಗಿಸಿ ಅಮ್ಮ ರೂಮಲ್ಲಿ ಮಲಗಿದ್ದಾಗ ನಾನು ಪಾಂಬನ್ ಸೇತುವೆ ದಾಟಿ ವಾಪಸ್ ಮಂಡಪಂ ಕಡೆ ಬಂದು ಪಾಕ್ ಕೊಲ್ಲಿ ಬದಿಯ ಒಂದು ಮೀನುಗಾರರ ಊರಲ್ಲಿ ಇಳಿದೆ. ಇಲ್ಲಿಯವರು ಈ ಬದಿಯದ್ದನ್ನ ಹೆಣ್ಣು ಕಡಲು, ಆಚೆ ಮನ್ನಾರ್ ಕೊಲ್ಲಿಯದ್ದನ್ನ ಗಂಡು ಕಡಲು ಅಂತಾರೆ, ನೋಡಿದ್ರೆ ಹೌದು ಅನಿಸ್ತದೆ, ನೀರು ಕೆರೆಯ ಹಾಗೆ ಉಂಟು.

ದಡದಲ್ಲಿ ಉದ್ದಕ್ಕೂ ಕಂದು ಹುಲ್ಲಿನ ರಾಶಿ, ಭತ್ತ ಬಡಿದ ಮೇಲೆ ಅಂಗಳದಲ್ಲಿ ಬೈಹುಲ್ಲು ಬಿದ್ದಿರ್ತದಲ್ಲ ಹಾಗೆ, ಮೇಲಿಂದ ಗಬ್ಬು ವಾಸನೆ. ಕ್ಲೀನ್ ಮಾಡುವವರೇ ಇಲ್ವಾ ಅಂದ್ಕೊಂಡೆ. ದೋಣಿಯ ಅಣ್ಣ 'ಇದು ಪಾಸಿ ಅಲ್ಲ, ಕಡಲ್ ಪುಲ್ಲು' ಅಂದ್ರು, ಅಂದ್ರೆ ಪಾಚಿ ಅಲ್ಲ, ಕಡಲ ಹುಲ್ಲು. ಪಾಚಿಗೆ ನಿಜವಾದ ಬೇರಿಲ್ಲ, ಇದಕ್ಕೆ ಬೇರು, ಹೂ, ಬೀಜ ಎಲ್ಲ ಉಂಟು. ಒಣಗಿದ ರಾಶಿ ಕೂಡ ದಡದ ಮರಳನ್ನ ಅಲೆಯಿಂದ ಕಾಯ್ತದೆ, ನಾನು ಕಸ ಅಂದ್ಕೊಂಡದ್ದು.

ಮಾಸ್ಕ್ ಹಾಕಿ ಸೊಂಟದುದ್ದ ನೀರಿಗೆ ಇಳಿದೆ ಮಾರಾಯ್ರೆ, ಕೆಳಗೆ ಇಡೀ ಗದ್ದೆ! ಒಂದು ಜಾತಿ ಶಾವಿಗೆಯ ಹಾಗೆ ಗುಂಡಗೆ, ಇನ್ನೊಂದು ರಿಬ್ಬನ್ ಥರ ಚಪ್ಪಟೆ. ಹುಲ್ಲಿಲ್ಲದ ಜಾಗದಲ್ಲಿ ಒಂದು ಹಿಡಿ ಮರಳು ಬಿಟ್ಟೆ, ಹೊಗೆಯ ಹಾಗೆ ತೇಲಿ ಹೋಯ್ತು. ಹುಲ್ಲಿನ ಮಧ್ಯೆ ಬಿಟ್ಟೆ, ಅಲ್ಲೇ ಕೂತಿತು. ಎಲೆಗಳು ನೀರಿನ ಓಟಕ್ಕೆ ಅಡ್ಡ ಬಂದು ವೇಗ ತಗ್ಗಿಸ್ತವೆ, ನೀರು ನಿಧಾನ ಆದ್ರೆ ಹೊತ್ತು ತಂದ ಮರಳು ಕೆಳಗಿಳೀತದೆ, ಇಳಿದದ್ದನ್ನ ಬೇರು ಬಿಡೋದಿಲ್ಲ. ದಡಕ್ಕೆ ಬಂದು ಬಿದ್ದಿದ್ದ ಒಂದು ಬುಡ ಎತ್ತಿ ನೋಡಿದೆ, ಗಂಟುಗಂಟಿಗೂ ಬೇರು, ಎಷ್ಟು ಕೊಡವಿದ್ರೂ ಮರಳು ಉದುರ್ಲಿಲ್ಲ.

ಹಾಗಂತ ನೀರು ಹೀಗೆ ಶಾಂತ ಇರೋದು ಎಲ್ಲ ಹುಲ್ಲಿನ ಮಹಿಮೆ ಅಂತ ಹೇಳೋದಿಲ್ಲ, ಈ ಕಡಲೇ ಆಳ ಕಡಿಮೆ, ಆಚೆ ಲಂಕೆ ಅಡ್ಡ ಉಂಟು. 1964ರ ಚಂಡಮಾರುತ ಧನುಷ್ಕೋಡಿಯನ್ನೇ ನುಂಗಿದ್ದು, ಅಂಥದ್ದಕ್ಕೆ ಹುಲ್ಲು ಎಂಥ ಮಾಡ್ತದೆ. ಇದರ ಕೆಲಸ ದಿನದಿನದ ಅಲೆ ಜೊತೆ.

ಮಧ್ಯೆ ಮಧ್ಯೆ ಬೋಳು ಜಾಗವೂ ಕಂಡಿತು. ತಳ ಗೋರುವ ಟ್ರಾಲ್ ಬಲೆ, ದೋಣಿಯ ಲಂಗರು ಎರಡೂ ಹುಲ್ಲನ್ನ ಕೀಳ್ತವೆ. ಇದನ್ನೇ ಮೇಯುವ ಕಡಲ ಹಸು, ಅಂದ್ರೆ ಡುಗಾಂಗ್ ಅನ್ನುವ ಕಡಲ ಪ್ರಾಣಿಗೆ ಅಂತ 2022ರಲ್ಲಿ ಪಾಕ್ ಕೊಲ್ಲಿಯ ತಂಜಾವೂರು-ಪುದುಕೋಟೈ ಭಾಗದಲ್ಲಿ 448 ಚದರ ಕಿ.ಮೀ. ಮೀಸಲು ಪ್ರದೇಶ ಮಾಡಿದ್ದಾರೆ, ಆ ಕಡೆ ಬಿದಿರಿನ ಚೌಕಟ್ಟಿಗೆ ತೆಂಗಿನ ನಾರಿನ ಹಗ್ಗದಲ್ಲಿ ಹುಲ್ಲು ಕಟ್ಟಿ ಕಡಲಲ್ಲಿ ನೆಡ್ತಾರಂತೆ.

ನಮ್ಮ ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಕಲ್ಲು ಹಾಕ್ತಾನೇ ಇದ್ದಾರೆ, ಕಲ್ಲು ಜಾರ್ತಾನೇ ಉಂಟು. ಈ ಹುಲ್ಲು ತಂದು ನೆಡುವಾ ಅಂದ್ರೆ ಅದಕ್ಕೆ ಬಿಸಿಲು ಇಳಿಯುವ ತಿಳಿ ನೀರು ಬೇಕು, ನಮ್ಮ ಜೂನ್ ತಿಂಗಳ ಅಲೆ ಗೊತ್ತುಂಟಲ್ಲ.

ರೂಮಿಗೆ ಬಂದು ಅಮ್ಮನಿಗೆ ಫೋಟೋ ತೋರಿಸಿದೆ. 'ಗರಿಕೆ ಅಲ್ವಾ ಮಗ, ಕಿತ್ತಷ್ಟೂ ಬರ್ತದೆ' ಅಂದ್ರು. ಇದು ಅಷ್ಟು ಬೇಗ ಬರೋದಿಲ್ಲಮ್ಮ ಅಂತ ಹೇಳುವಷ್ಟರಲ್ಲಿ ದೇವಸ್ಥಾನಕ್ಕೆ ಹೊತ್ತಾಯ್ತು ಅಂತ ಚಪ್ಪಲಿ ಮೆಟ್ಟಿ ಆಗಿತ್ತು ಅವರು.