ಬಕ್‌ಗ ತಿನ್ನಾಕ ಏನ್ ಕೊಟ್ಟ್ರಿ?

ಮುಧೋಳ ಸೀಮೆಯ ಹುಡುಗರಿಗೆ ನಾಯಿಯ ಕಥೆ ಹೇಳಿ ಗೆಲ್ಲುವುದು ಕಷ್ಟ. ತಳಿಗೇ ಊರಿನ ಹೆಸರು, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ನಾಯಿ. ನನ್ನೆದುರು ಕೂತವರಲ್ಲಿ ಎಷ್ಟೋ ಮಕ್ಕಳ ಅಂಗಳದಲ್ಲೇ ಕಟ್ಟಿರುತ್ತದೆ. ಬೇಸಿಗೆ ರಜೆಯಲ್ಲಿ ನಮ್ಮೂರ ಗ್ರಂಥಾಲಯದಲ್ಲಿ ನಾನು ಹೇಳಹೊರಟಿದ್ದು ಜ್ಯಾಕ್ ಲಂಡನ್ 1903ರಲ್ಲಿ ಬರೆದ ‘ದಿ ಕಾಲ್ ಆಫ್ ದಿ ವೈಲ್ಡ್’. ಪುಸ್ತಕ ಇಂಗ್ಲಿಷಿನದು, ಬಾಯಿ ನಮ್ಮದು.

ಕ್ಯಾಲಿಫೋರ್ನಿಯಾದಿಂದ ಕದ್ದು ಮಾರಿದ ನಾಯಿ ಬಕ್, ಬಂಗಾರಕ್ಕೆ ಮುಗಿಬಿದ್ದವರ ನಾಡಿನಲ್ಲಿ ಹಿಮಗಾಡಿ ಎಳೆಯುತ್ತದೆ. ಅಂಗಾಲು ನೋಯುವ ಅದಕ್ಕೆ ಗಾಡಿ ಹೊಡೆಯುವ ಫ್ರಾಂಸ್ವಾ ತನ್ನ ಮೆಟ್ಟಿನ ಚರ್ಮ ಕತ್ತರಿಸಿ ನಾಲ್ಕು ಪುಟ್ಟ ಮೆಟ್ಟು ಮಾಡಿಕೊಡುತ್ತಾನೆ. ಒಂದು ಬೆಳಿಗ್ಗೆ ತೊಡಿಸಲು ಮರೆತರೆ ಬಕ್ ಅಂಗಾತ ಬಿದ್ದು ಕಾಲಾಡಿಸುತ್ತಾ ಏಳಲೊಲ್ಲದು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

ನನ್ನ ಕಣ್ಣೆಲ್ಲ ಬಾಜಿಯ ಅಧ್ಯಾಯದ ಮೇಲಿತ್ತು. ಐವತ್ತು ಪೌಂಡಿನ ಇಪ್ಪತ್ತು ಹಿಟ್ಟಿನ ಚೀಲ, ಹಿಮಕ್ಕೆ ಕಚ್ಚಿಕೊಂಡ ಗಾಡಿ, ನೂರು ಗಜ ದೂರ; ಬಕ್ ಒಂದೇ ಎಳೆಯಬೇಕು.

“ಎಷ್ಟಾತ್ರೀ ಅಕ್ಕಾರ?”

“ನಾಕೂವರಿ ಕ್ವಿಂಟಲ್.”

“ಹಂಗಾರ ತೆರಬಂಡಿನ ಬಿಡ್ರಿ!”

ಹೌದಲ್ಲ! ಜಾತ್ರೆಯಲ್ಲಿ ಗಾಲಿ ಉರುಳದಂತೆ ಕಟ್ಟಿದ ಬಂಡಿಯನ್ನು ಎತ್ತುಗಳು ಜಗ್ಗುವುದನ್ನು ನೋಡಿದವರಿಗೆ ಹೆಪ್ಪುಗಟ್ಟಿದ ಗಾಡಿ ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. ಬಕ್ ಎದೆ ನೆಲಕ್ಕೆ ತಾಗಿಸಿ, ಉಗುರಿನಿಂದ ಹಿಮ ಕೆರೆದು, ಇಂಚಿಂಚಾಗಿ ಜಗ್ಗಿ ಗೆದ್ದಿತು. ಈಗಿನ ಯಜಮಾನ ಥಾರ್ನ್‌ಟನ್‌ಗೆ ಬಾಜಿಯ 1600 ಡಾಲರ್. ಮಂಡಿಯೂರಿ ಅದರ ತಲೆಗೆ ತಲೆ ಹಚ್ಚಿದ. ಈಗ ಚಪ್ಪಾಳೆ ಬರುತ್ತದೆ ಅಂತ ಕಾದೆ.

“ತಿನ್ನಾಕ ಏನ್ ಕೊಟ್ಟ್ರಿ?” ಕುರಿ ಕಾಯುವ ಮನೆಯ ಹುಡುಗಿ ಕೇಳಿದಳು.

ಹಾಳೆ ತಿರುವಿದೆ. ಗೆದ್ದ ದುಡ್ಡಿನಿಂದ ಸಾಲ ತೀರಿತು, ಬಂಗಾರದ ಗಣಿ ಹುಡುಕಲು ಹೊರಟರು. ಊಟದ ಸುದ್ದಿಯೇ ಇಲ್ಲ.

“ನಮ್ಮಪ್ಪ ಹಟ್ಟಿಗೆ ಬಂದ್ರ ಮೊದಲ ನಾಯಿಗೆ ರೊಟ್ಟಿ ಹಾಕತಾನ್ರಿ, ಆಮ್ಯಾಲ ಕೈ ತೊಳಕೋತಾನ.”

ನಿಷ್ಠೆ, ಪ್ರೀತಿ ಅಂತ ನಾನು ಸಿದ್ಧಮಾಡಿಕೊಂಡು ಬಂದ ಮಾತು ಗಂಟಲಲ್ಲೇ ಉಳಿಯಿತು. ಇವರು ತೂಗುತ್ತಿದ್ದದ್ದು ನಾಯಿಯನ್ನಲ್ಲ, ಯಜಮಾನನನ್ನು. ಮೆಟ್ಟು ಹೊಲಿದ ಫ್ರಾಂಸ್ವಾ ಪಾಸು. ಪ್ರಾಣಕ್ಕೆ ಪ್ರಾಣ ಕೊಡುವ ಥಾರ್ನ್‌ಟನ್ ಅನುಮಾನದ ಮೇಲೆ ನಿಂತ. ಲಂಡನ್ ಕೇಳಿದ್ದರೆ ಸಿಟ್ಟಾಗುತ್ತಿದ್ದನೇನೋ. ನನಗೆ ಮಾತ್ರ ಹುಡುಗಿಯದೇ ಸರಿ ಅನ್ನಿಸಿತು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ, “ನಮ್ಮ ನಾಯಿ ಗಾಡಿ ಎಳಿಯೂದಿಲ್ರಿ, ಓಡತೈತಿ. ಮೊನ್ನೆ ಬಸ್ಸಿನ ಮುಂದ ಹೋತು” ಅಂದ.

“ಯಾವ ಬಸ್ಸಲೇ, ಕೆಟ್ಟು ನಿಂತದ್ದನು?” ಅಂತ ಪಕ್ಕದವನು ಕೇಳಿದ್ದೇ ತಡ, ಇಬ್ಬರ ಜಗಳ ಬಿಡಿಸುವುದರಲ್ಲೇ ಗ್ರಂಥಾಲಯ ಮುಚ್ಚುವ ಹೊತ್ತಾಯಿತು.