ಮೇಜಿನ ಮೇಲಿನ ನಾಲ್ಕು ಸೀಸೆಗಳು

ಅಪ್ಪನಿಗೆ ವಾಸನೆ ತಿಳಿಯದೆ ಹದಿನಾಲ್ಕು ತಿಂಗಳಾಯಿತು. ಜ್ವರ ಒಂದು ವಾರದಲ್ಲಿ ಬಿಟ್ಟಿತು, ಮೂಗು ಮಾತ್ರ ಮರಳಲಿಲ್ಲ. ವೈದ್ಯರು ಹೇಳಿದ ಅಭ್ಯಾಸವನ್ನು ಅವರು ಒಂದು ದಿನವೂ ತಪ್ಪಿಸಿಲ್ಲ. ಬೆಳಿಗ್ಗೆ ಮತ್ತು ರಾತ್ರಿ ಕಣ್ಣು ಮುಚ್ಚಿ ಕುಳಿತು ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆಗಳನ್ನು ಒಂದೊಂದಾಗಿ ಮೂಸುತ್ತಾರೆ, ಆಯಾ ವಾಸನೆಯನ್ನು ನೆನಪಿಗೆ ತಂದುಕೊಳ್ಳಲು ಯತ್ನಿಸುತ್ತಾರೆ. ಮೂರರಲ್ಲಿ ಏನೂ ಇಲ್ಲ. ನೀಲಗಿರಿಯಲ್ಲಿ ಮಾತ್ರ ಮೂಗಿನೊಳಗೆ ತಣ್ಣನೆಯ ಗೆರೆಯೊಂದು ಹಾದುಹೋದಂತಾಗುತ್ತದೆ ಎನ್ನುತ್ತಾರೆ.

ಊಟದ ಹೊತ್ತು ನಮ್ಮ ಮನೆಯಲ್ಲಿ ಕಷ್ಟದ ಹೊತ್ತಾಗಿತ್ತು. ಅಮ್ಮ ಬಡಿಸಿದ ಮೊದಲ ತುತ್ತು ಬಾಯಿಗಿಟ್ಟ ಕೂಡಲೇ ಅಪ್ಪನ ಕೈ ಉಪ್ಪಿನ ಕಡೆ ಹೋಗುತ್ತಿತ್ತು. ಕಾರಣ ಅಮ್ಮನಿಗೆ ಗೊತ್ತು. ಆದರೂ ನಲವತ್ತು ವರ್ಷ ತನ್ನ ಕೈರುಚಿಯನ್ನು ಹೊಗಳಿಸಿಕೊಂಡವಳಿಗೆ ಅದನ್ನು ನೋಡುವುದು ಸುಲಭವಲ್ಲ. ಈಚೆಗೆ ಅವಳು ‘ಹೇಗಿದೆ?’ ಎಂದು ಕೇಳುವುದನ್ನೇ ಬಿಟ್ಟಿದ್ದಳು.

ಮೂಗು ಹೋದವರ ಬಾಯಿಗೆ ಏನೇನು ಉಳಿದಿರುತ್ತದೆ ಎಂದು ನಾನು ಹುಡುಕಿ ಓದಿದೆ. ನಾವು ರುಚಿ ಎನ್ನುವುದರಲ್ಲಿ ಬಹುಪಾಲು ವಾಸನೆಯೇ. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಅಣಬೆ ಮತ್ತು ಮೀನಿನ ರಸದಲ್ಲಿರುವಂಥ ಉಮಾಮಿ. ಮೆಣಸಿನಕಾಯಿಯ ಖಾರ ಇದಾವುದಕ್ಕೂ ಸೇರುವುದಿಲ್ಲ. ಅದು ಬಿಸಿ ಮತ್ತು ನೋವನ್ನು ಒಯ್ಯುವ ನರದ ಮೂಲಕ ಹೋಗುತ್ತದೆ. ಹಾಗಾಗಿ ಮೂಗು ಕೆಟ್ಟರೂ ಖಾರ ಕೆಡುವುದಿಲ್ಲ. ಇದನ್ನು ಓದುವಾಗಲೇ ನನಗೆ ಥಾಯ್ ಊಟ ನೆನಪಾಯಿತು. ಹುಳಿ, ಸಿಹಿ, ಉಪ್ಪು, ಖಾರ ನಾಲ್ಕೂ ಒಂದೇ ತಟ್ಟೆಯಲ್ಲಿ ಎದೆಯುಬ್ಬಿಸಿ ನಿಲ್ಲುವ ಅಡುಗೆ ಅದು.

ಭಾನುವಾರ ಮಧ್ಯಾಹ್ನ ಅಪ್ಪ, ಅಮ್ಮ, ನನ್ನ ಗಂಡ, ಒಂಬತ್ತು ವರ್ಷದ ಮಗಳು, ನಾನು ಬಸ್ಸು ಹತ್ತಿ ಪೇಟೆಯ ಥಾಯ್ ಹೋಟೆಲಿಗೆ ಹೋದೆವು. ನಮಗೆ ಅಡುಗೆಮನೆಯ ಪಕ್ಕದ ಮೇಜು ಸಿಕ್ಕಿತು. ಒಳಗೆ ಒರಳಿನಲ್ಲಿ ಏನನ್ನೋ ಕುಟ್ಟುವ ಸದ್ದು ಕೇಳುತ್ತಲೇ ಇತ್ತು. ಅದೇ ಸೋಮ್ ತಮ್. ‘ಸೋಮ್’ ಎಂದರೆ ಹುಳಿ, ‘ತಮ್’ ಎಂದರೆ ಕುಟ್ಟುವುದು. ಎಳೆಎಳೆಯಾಗಿ ಹೆಚ್ಚಿದ ಪರಂಗಿಕಾಯಿಗೆ ನಿಂಬೆರಸ, ತಾಳೆಬೆಲ್ಲ, ಮೆಣಸಿನಕಾಯಿ, ಹುರಿದ ಕಡಲೆಕಾಯಿ ಬೀಜ ಸೇರಿಸಿ ಮೆಲ್ಲಗೆ ಜಜ್ಜುತ್ತಾರೆ. ಅಪ್ಪ ಒಂದು ಚಮಚ ಬಾಯಿಗಿಟ್ಟು ಬಹಳ ಹೊತ್ತು ಅಗಿದರು. ‘ಇದು ಕೇಳಿಸುತ್ತದೆ’ ಎಂದರು. ಪರಂಗಿಯ ಕರಕರ, ಬೀಜದ ಕಟಕಟ. ರುಚಿಯಲ್ಲಿ ಸದ್ದಿಗೂ ಪಾಲಿದೆ ಎಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ.

ಆಮೇಲೆ ತೋಮ್ ಯಮ್ ಸೂಪು ಬಂತು. ಇದರ ಸಿಗಡಿ ಹಾಕಿದ ಬಗೆಯನ್ನು 2024ರಲ್ಲಿ ಯುನೆಸ್ಕೊ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬೋಗುಣಿಯಿಂದ ಮಜ್ಜಿಗೆ ಹುಲ್ಲು ಮತ್ತು ನಿಂಬೆಜಾತಿಯ ಎಲೆಯ ಘಮ ಏಳುತ್ತಿತ್ತು. ಅಮ್ಮ ಅದನ್ನು ಉಸಿರೆಳೆದುಕೊಂಡು ‘ಆಹಾ’ ಎನ್ನಹೊರಟು, ಅಪ್ಪನ ಮುಖ ನೋಡಿ ತಡೆದಳು. ಅಪ್ಪ ಅದನ್ನು ಗಮನಿಸಿದರು. ‘ನೀನು ಹೇಳು, ಹೇಗಿದೆ ವಾಸನೆ?’ ಎಂದರು. ಅವಳು ಸ್ವಲ್ಪ ಯೋಚಿಸಿ, ‘ಮಳೆ ನಿಂತ ಮೇಲೆ ನಿಂಬೆಗಿಡದ ಪಕ್ಕ ನಿಂತ ಹಾಗಿದೆ ನೋಡಿ’ ಎಂದಳು. ಅಪ್ಪ ತಲೆಯಾಡಿಸಿ ಸೂಪು ಕುಡಿದರು. ಹಣೆಯಲ್ಲಿ ಬೆವರು ಮೂಡಿತು.

ಪಾಡ್ ಥಾಯ್ ನೂಡಲ್ಸ್ ತಂದಾಗ ಬಡಿಸುವ ಹುಡುಗಿ ಜೊತೆಗೊಂದು ಸಣ್ಣ ತಟ್ಟೆಯನ್ನೂ ಇಟ್ಟಳು. ಅದರಲ್ಲಿ ನಾಲ್ಕು ಸೀಸೆ: ಸಕ್ಕರೆ, ಒಣಮೆಣಸಿನ ಪುಡಿ, ಮೆಣಸಿನಕಾಯಿ ಹೆಚ್ಚಿಹಾಕಿದ ವಿನೆಗರ್, ಮೀನಿನ ರಸ. ಥಾಯ್ಲೆಂಡಿನಲ್ಲಿ ನೂಡಲ್ಸ್ ಅಂಗಡಿಯ ಮೇಜಿನ ಮೇಲೆ ಇವು ಇದ್ದೇ ಇರುತ್ತವೆ. ತಿನ್ನುವವರು ತಮಗೆ ಬೇಕಾದ ಹದ ತಾವೇ ಮಾಡಿಕೊಳ್ಳುತ್ತಾರೆ, ಅದರಿಂದ ಅಡುಗೆಯವರಿಗೆ ಯಾವ ಅವಮಾನವೂ ಇಲ್ಲ. ಅಪ್ಪ ಮೊದಲು ಅಮ್ಮನ ಕಡೆ ನೋಡಿದರು, ಮತ್ತೆ ವಿನೆಗರ್ ಹಾಕಿಕೊಂಡರು, ರುಚಿ ನೋಡಿದರು, ಖಾರ ಸೇರಿಸಿದರು. ಅಷ್ಟು ಏಕಾಗ್ರತೆಯಿಂದ ಅವರು ತಿಂದದ್ದನ್ನು ನಾನು ಹದಿನಾಲ್ಕು ತಿಂಗಳಲ್ಲಿ ಕಂಡಿರಲಿಲ್ಲ. ಅಮ್ಮ ಸುಮ್ಮನೆ ನೋಡುತ್ತಿದ್ದವಳು ತಾನೂ ಒಂದು ಚಿಟಿಕೆ ಸಕ್ಕರೆ ಉದುರಿಸಿಕೊಂಡಳು.

‘ಮನೆಯಲ್ಲೂ ಹೀಗೆ ನಾಲ್ಕು ಸೀಸೆ ಇಡಲೇ?’ ಎಂದು ಕೇಳಿದಳು.

‘ಐದು ಇಡು. ಒಂದರಲ್ಲಿ ಹುರಿದ ಕಡಲೆಕಾಯಿ ಬೀಜ ಇರಲಿ.’

ಅಷ್ಟರಲ್ಲಿ ಮಗಳು ತಾತನ ತಟ್ಟೆಯಿಂದ ಒಂದು ಎಳೆ ಕದ್ದು ತಿಂದು ಕಣ್ಣಲ್ಲಿ ನೀರು ತುಂಬಿಕೊಂಡಿದ್ದಳು. ಖಾರದ ಸತ್ವ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ನೀರು ಕುಡಿದರೆ ಉಪಯೋಗವಿಲ್ಲ, ಹಾಲಿನ ಪದಾರ್ಥವೇ ಬೇಕು. ಬೇಗ ಎದ್ದು ಎರಡು ಬೀದಿಯಾಚೆಯ ಐಸ್ ಕ್ರೀಂ ಅಂಗಡಿಗೆ ನಡೆದೆವು.

ಬಾಯುರಿ ತಣಿದ ಮೇಲೆ ಅವಳು ತಾತನಿಗೆ ಪರೀಕ್ಷೆಯಿಟ್ಟಳು. ಕಣ್ಣು ಮುಚ್ಚಿಸಿ ವೆನಿಲಾ ಕೊಟ್ಟಳು, ಸ್ಟ್ರಾಬೆರಿ ಕೊಟ್ಟಳು. ಅಪ್ಪನಿಗೆ ಎರಡೂ ಒಂದೇ, ಬರೀ ಸಿಹಿ ಮತ್ತು ನುಣುಪು. ವೆನಿಲಾದ ಗುರುತಿರುವುದು ಅದರ ಪರಿಮಳದಲ್ಲೇ ಅಲ್ಲವೇ? ಕಾಫಿಯದನ್ನು ಕಹಿಯಿಂದ ಹಿಡಿದರು, ನಿಂಬೆಯದನ್ನು ಹುಳಿಯಿಂದ. ಐದನೆಯ ಚಮಚ ಬಾಯಿಗೆ ಹೋದಾಗ ಅವರು ಕಣ್ಣು ತೆರೆದೇಬಿಟ್ಟರು. ‘ಪುದೀನ! ಮೂಗಿನವರೆಗೂ ತಣ್ಣಗಾಯಿತು, ನೀಲಗಿರಿಯ ಹಾಗೆಯೇ.’

ಪುದೀನದ ಮೆಂಥಾಲ್ ಚಳಿಯನ್ನು ತಿಳಿಯುವ ನರದ ಬಾಗಿಲನ್ನೇ ತಟ್ಟುತ್ತದೆ. ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಬೇರೆ ಬೇರೆಯಾಗಿ ಆ ಬಾಗಿಲನ್ನು ಗುರುತಿಸಿದವರು. ಖಾರದ ಬಾಗಿಲನ್ನು ಕಂಡುಹಿಡಿದವರೂ ಜೂಲಿಯಸ್ ಅವರೇ. 2021ರ ವೈದ್ಯಕೀಯ ನೊಬೆಲ್ ಇವರಿಬ್ಬರಿಗೆ ಬಂತು. ಇದನ್ನೆಲ್ಲ ನಾನು ಹೇಳುತ್ತಿದ್ದರೆ ಅಪ್ಪನಿಗೆ ಕೇಳುವ ವ್ಯವಧಾನವಿರಲಿಲ್ಲ. ಮಗಳ ಕಪ್ಪು ಆಗಲೇ ಅವರ ಕೈಯಲ್ಲಿತ್ತು. ಅಮ್ಮ ಬಾಗಿ, ‘ಹೇಗಿದೆ?’ ಎಂದು ಕೇಳಿದಳು.

ಅಪ್ಪ ಒಂದು ಚಮಚ ತುಂಬಿ ಅವಳ ಕಡೆ ಚಾಚಿದರು.