ಡಿಮ್ಹಾನ್ಸ್‌ಗೆ ಹೋಗೋ ಮುಂಚೆ ಮಾಸ್ತರ್ ಕಡೆಯಿಂದ ಒಂದು ಹಾಳಿ

ಡಾಕ್ಟರ್ ಕೋಣೆಯಲ್ಲಿ ಮಗು ಅರ್ಧ ತಾಸು ಸುಮ್ಮನೆ ಕೂತಿತೆಂದರೆ, ಗಮನ ನಿಲ್ಲದ, ಚಡಪಡಿಸುವ ತೊಂದರೆಯಾದ ಎಡಿಎಚ್‌ಡಿ ಇಲ್ಲ ಎಂದಲ್ಲ. ಹೊಸ ಜಾಗ, ಎದುರಿಗೆ ಒಬ್ಬರೇ, ಗದ್ದಲವಿಲ್ಲ; ಇಂಥ ಕಡೆ ಎಷ್ಟೋ ಮಕ್ಕಳು ತಡೆದುಕೊಂಡು ಕೂರುತ್ತವೆ. ಗಮನ ಕೊರತೆಯ 9 ಲಕ್ಷಣಗಳಲ್ಲಿ 6, ಇಲ್ಲವೇ ಚಡಪಡಿಕೆಯ 9ರಲ್ಲಿ 6 ಇರಬೇಕು. ಅವು 12 ವರ್ಷದೊಳಗೆ ಶುರುವಾಗಿ, ಕನಿಷ್ಠ 6 ತಿಂಗಳು, ಮನೆ-ಸಾಲಿ ಎರಡೂ ಕಡೆ ಕಂಡಿರಬೇಕು. ಸಾಲಿಯ ಸುದ್ದಿ ಇಲ್ಲದಿದ್ದರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ.

ಹಾಗಾಗಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗಾಗಲಿ, ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕೆಎಂಸಿಆರ್‌ಐಗಾಗಲಿ (ಹಿಂದಿನ ಕಿಮ್ಸ್) ಹೊರಡುವ ಮುಂಚೆ ಕ್ಲಾಸ್ ಮಾಸ್ತರ್ ಹತ್ತಿರ ಒಂದು ಹಾಳಿ ಬರೆಸಿಕೊಳ್ಳಿ. "ಬಾಳ ಉಡಾಳ ಅದಾನ, ಓದಂಗಿಲ್ಲ" ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ಲೆಕ್ಕ ಕೊಟ್ಟಾಗ ಎಷ್ಟು ನಿಮಿಷಕ್ಕೆ ಏಳುತ್ತಾನೆ, ಬೋರ್ಡಿನ ಮೇಲಿನ ಐದು ಸಾಲಿನಲ್ಲಿ ಎಷ್ಟು ಇಳಿಸಿಕೊಳ್ಳುತ್ತಾನೆ, ವಾರಕ್ಕೆ ಎಷ್ಟು ಪೆನ್ಸಿಲ್ ಕಳೆಯುತ್ತಾನೆ, ಇಂಥದ್ದು ಬೇಕು. ಜೂನ್‌ನಲ್ಲಿ ಬರೆಸಬೇಡಿ, ಹೊಸ ಮಾಸ್ತರ್‌ಗೆ ಮಗುವಿನ ಪರಿಚಯವೇ ಆಗಿರುವುದಿಲ್ಲ. ಕಿಟಕಿ ಕಡೆ ನೋಡುತ್ತ ಸದ್ದಿಲ್ಲದೆ ಕೂರುವ ಹುಡುಗಿಯ ಬಗ್ಗೆಯೂ ಇದನ್ನೇ ಕೇಳಿ. ಕ್ಲಾಸಿಗೆ ತೊಂದರೆ ಕೊಡದವಳೆಂದೇ ಅವಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಮಾತು, ಬೇರೆಯವರೊಂದಿಗೆ ಬೆರೆಯುವುದು ಕಷ್ಟವಾಗುವ ಆಟಿಸಂನ ಅನುಮಾನವಿದ್ದರೆ ಮೊದಲು ಕಿವಿ ಪರೀಕ್ಷಿಸಿ. ತಾಟು ಬಡಿದು ನೋಡುವುದು ಪರೀಕ್ಷೆಯಾಗದು, ದೊಡ್ಡ ಸದ್ದು ಕೇಳಿಸಿ ಮಾತಿನ ಸಣ್ಣ ಸದ್ದು ಕೇಳಿಸದ ಮಕ್ಕಳೂ ಇದ್ದಾರೆ. ಸದ್ದಿಗೆ ಕಿವಿಯ ನರ, ಮಿದುಳು ಹೇಗೆ ಸ್ಪಂದಿಸುತ್ತವೆ ಎಂದು ಅಳೆಯುವ ಬೆರಾ ಪರೀಕ್ಷೆಗೆ ಮಗು ನಿದ್ದೆಯಲ್ಲಿರಬೇಕು. ಹಾವೇರಿ, ಗದಗದಿಂದ ಬರುವವರು ಇಲ್ಲೇ ಎಡವುತ್ತಾರೆ: ಬಸ್ಸಿನಲ್ಲಿ ಮಲಗಿ ಎದ್ದ ಮಗು ಆಸ್ಪತ್ರೆಯಲ್ಲಿ ಮಲಗುವುದಿಲ್ಲ, ಇನ್ನೊಂದು ತಾರೀಖು ಹಾಕಿಸಿಕೊಂಡು ವಾಪಸ್. ದಾರಿಯಲ್ಲಿ ಎಚ್ಚರವಾಗಿರಿಸಿ. ಜೊತೆಗೆ ಫೋನಿನಲ್ಲಿ ಎರಡೆರಡು ನಿಮಿಷದ ಮೂರು ವಿಡಿಯೋ ಇರಲಿ: ಊಟ ಮಾಡುವಾಗ, ಬೇರೆ ಮಕ್ಕಳ ನಡುವೆ, ಹಿಂದಿನಿಂದ ಹೆಸರು ಕೂಗಿದಾಗ. "ಟಾಟಾ ಮಾಡು" ಎಂದು ಹೇಳಿಕೊಟ್ಟು ತೆಗೆಯಬೇಡಿ.

ಆಟಿಸಂನ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬಳಸುವುದು, ಅದು ಎಷ್ಟು ತೀವ್ರ ಎಂದು ಅಳೆಯುವ ಐಎಸ್‌ಎಎ ಮಾಪಕ: 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ. 70ರಿಂದ 106 ಸೌಮ್ಯ, 153ರವರೆಗೆ ಮಧ್ಯಮ, ಮೇಲಿನದು ತೀವ್ರ. ಇದನ್ನು ಬುದ್ಧಿಮಟ್ಟದ ಅಂಕವೆಂದು ಓದಿ ಕಂಗಾಲಾಗುವವರು ಬಹಳ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ, ಎಡಿಎಚ್‌ಡಿ ಇಲ್ಲ. ಆದರೆ ಓದು, ಬರಹ, ಲೆಕ್ಕ ಕಷ್ಟವಾಗುವ ಕಲಿಕಾ ನ್ಯೂನತೆಯೂ ಪಟ್ಟಿಯಲ್ಲಿದೆ. ಎಡಿಎಚ್‌ಡಿ ಜೊತೆ ಅದೂ ಇರುವುದುಂಟು, ಪರೀಕ್ಷಿಸಲು ಕೇಳಿ.

ಆಟಿಸಂ ಇರುವ ಮಗುವಿಗೆ ವಾರಕ್ಕೊಂದು ತಾಸಿನ ಥೆರಪಿ ಸಾಲದು, ಉಳಿದದ್ದು ಮನೆಯಲ್ಲೇ ನಡೆಯಬೇಕು. ಮಗು ಕೇಳಲು ಕಲಿಯಲೆಂದು ಚುರಮುರಿಯನ್ನು ಹೊರಗಿನಿಂದ ಕಾಣುವ, ಮಗುವಿಗೆ ತೆಗೆಯಲು ಬಾರದ ಡಬ್ಬಿಯಲ್ಲಿಡಿ. ಕೈ ತೋರಿಸಿದರೂ ಸರಿ, "ಚು" ಎಂದರೂ ಸರಿ, ತಕ್ಷಣ ಒಂದೇ ಚಿಟಿಕೆ ಕೊಡಿ; ಪೂರಾ ಕೊಟ್ಟರೆ ಮತ್ತೆ ಕೇಳುವ ಕಾರಣವೇ ಉಳಿಯದು. ಕೆಡುವುದು ಎಲ್ಲಿ ಅಂದರೆ, ಕೇಳುವ ಮುಂಚೆಯೇ ಅಜ್ಜಿ ಬೊಗಸೆ ತುಂಬುತ್ತಾಳೆ. ದಿನಚರಿಯ ಚಿತ್ರಪಟ್ಟಿಗೆ ನಿಮ್ಮದೇ ಬಚ್ಚಲು, ನಿಮ್ಮದೇ ತಾಟಿನ ಫೋಟೋ ಹಾಕಿ. ಇಂಟರ್ನೆಟ್ಟಿನ ಬಾತ್‌ಟಬ್ ನೋಡಿ ಮಗುವಿಗೆ ಏನೂ ಹೊಳೆಯುವುದಿಲ್ಲ.

ಎಡಿಎಚ್‌ಡಿಗೆ ಡಾಕ್ಟರ್ ಗಮನ ನಿಲ್ಲಲು ನೆರವಾಗುವ ಮಿಥೈಲ್‌ಫೆನಿಡೇಟ್ ಮಾತ್ರೆ ಬರೆದುಕೊಟ್ಟರೆ ಹಸಿವು ಇಳಿಯಬಹುದು. ಮುಂಜಾನೆ ರೊಟ್ಟಿ ತಿನ್ನಿಸಿ ಮಾತ್ರೆ ಕೊಡಿ. ಬುತ್ತಿ ಹಾಗೇ ವಾಪಸ್ ಬಂದರೆ ಬೈಯದೆ ಸಂಜೆ ಉಣ್ಣಿಸಿ. ತೂಕ, ಎತ್ತರ ಬರೆದಿಟ್ಟುಕೊಂಡು ಪ್ರತಿ ಭೇಟಿಯಲ್ಲಿ ತೋರಿಸಿ.